ಶನಿವಾರದ ಟೇಪು

ಜಾಲರಿಗೆ ಮೆತ್ತಿಕೊಂಡಿದ್ದ ನೀಲಿ ಎಳೆಗಳನ್ನು ಚಿಮಟದಿಂದ ಒಂದೊಂದಾಗಿ ಕಿತ್ತು ಕವರಿಗೆ ಹಾಕಿದೆ. ಕಟಿಂಗ್ ಶೆಡ್ಡಿನಲ್ಲಿ ಜೀನ್ಸ್ ಬಟ್ಟೆ ಕತ್ತರಿಸುವಾಗ ಏಳುವ ಧೂಳು ಬಾಗಿಲು ಹಾಕಿದ್ದರೂ ಒಳಗೆ ಬಂದು ಸರ್ವರ್ ಡಬ್ಬಿಯ ಬೆನ್ನಿಗೆ ಕೂರುತ್ತದೆ. ಊದಬಾರದು, ಒದ್ದೆ ಬಟ್ಟೆ ತಾಗಿಸಬಾರದು. ಉಸಿರು ಹಿಡಿದು ಮಾಡುವ ಕೆಲಸ. ಎರಡು ವರ್ಷ ದಾರ ಕತ್ತರಿಸುವ ಟೇಬಲ್ಲಿನಲ್ಲಿದ್ದ ನನ್ನನ್ನು ಪ್ಯಾಟರ್ನ್ ಮಾಸ್ಟರ್ ಬೋರಣ್ಣ ಈ ರೂಮಿಗೆ ಆರಿಸಿಕೊಂಡದ್ದೂ ಅದಕ್ಕೇ. “ಈ ಹುಡುಗಿ ಮಾತಾಡಂಗಿಲ್ಲ, ಏನೂ ಮುಟ್ಟಂಗಿಲ್ಲ” ಅಂದಿದ್ದರು.

ಅವತ್ತು ಶನಿವಾರ. ಜಾಲರಿಗೆ ಮುಖ ಹತ್ತಿರ ತಂದಾಗ ಡಬ್ಬಿಯೊಳಗೆ ಕಟ್ ಅಂದಿತು. ಸ್ವಲ್ಪ ಬಿಟ್ಟು ಮತ್ತೆ ಕಟ್. ಸೋಮವಾರ ಈ ಸದ್ದು ಇರಲಿಲ್ಲ. ಬುಧವಾರ ದಿನವೆಲ್ಲ ಸೇರಿ ಎರಡು ಸಲ ಕೇಳಿಸಿತ್ತು. ಈಗ ಮನಸ್ಸಿನಲ್ಲೇ ಎಣಿಸಿದೆ. ಹತ್ತು ಎಣಿಸುವಷ್ಟರಲ್ಲಿ ಒಂದು.

ಆ ಡಬ್ಬಿಯಲ್ಲಿದ್ದದ್ದು ಮಾಸ್ಟರ್ ಹನ್ನೊಂದು ವರ್ಷದಿಂದ ಮಾಡಿದ ಪ್ಯಾಟರ್ನ್‌ಗಳು. ಪ್ಯಾಂಟಿನ ಮುಂಭಾಗ, ಹಿಂಭಾಗ, ಜೇಬು, ಸೊಂಟಪಟ್ಟಿ, ಒಂದೊಂದೂ ಹತ್ತು ಸೈಜಿನಲ್ಲಿ. ಅವನ್ನು ನೋಡಿಕೊಂಡು ಪ್ಲಾಟರ್ ಅನ್ನುವ ಮಷಿನ್ನು ಉದ್ದ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಆ ಗೆರೆ ಹಿಡಿದು ಬಟ್ಟೆ ಕತ್ತರಿಸುತ್ತಾರೆ. ಮೊದಲು ಇವೆಲ್ಲ ರಟ್ಟಿನಲ್ಲಿದ್ದವು. ಹೋದ ವರ್ಷದ ಕೊನೆಗೆ ಕಂಪ್ಯೂಟರಿಗೆ ಏರಿಸಿ, ರಟ್ಟುಗಳನ್ನು ಗುಜರಿಗೆ ಹಾಕಿಬಿಟ್ಟರು. ಪ್ಯಾಟರ್ನ್ ಹೋದರೆ ಕಟಿಂಗ್ ಇಲ್ಲ. ಕಟಿಂಗ್ ನಿಂತರೆ ನೂರಾ ಇಪ್ಪತ್ತು ಹೊಲಿಗೆ ಮಷಿನ್ನಿಗೆ ಕೆಲಸವಿಲ್ಲ. ಮಡಕಶಿರದ ಕಡೆಯಿಂದ ರಾಯದುರ್ಗಕ್ಕೆ ಬಂದು ರೂಮು ಮಾಡಿಕೊಂಡಿರುವ ನಾನು, ದಿನಾ ಗುಮ್ಮಘಟ್ಟದಿಂದ ಆಟೋದಲ್ಲಿ ತುಂಬಿಕೊಂಡು ಬರುವ ಹೆಂಗಸರು, ಬೊಮ್ಮನಹಾಳಿನಲ್ಲಿ ನಾಟಿ ಕೆಲಸ ಬಿಟ್ಟು ಬಂದವರು, ಎಲ್ಲರೂ ಮನೆಗೇ.

ಅದಕ್ಕೇ ಟೇಪುಗಳು. ಯುಗಾದಿ ಆದ ಮೇಲೆ ಬಳ್ಳಾರಿಯಿಂದ ಮುತ್ತುರಾಜ್ ಅನ್ನುವ ಇಂಜಿನಿಯರ್ ಬಂದು ಇನ್ನೊಂದು ಕಂಪ್ಯೂಟರ್ ಇಟ್ಟು, ನೀಲಿ ವೈರಿನಿಂದ ಸರ್ವರಿಗೆ ಸೇರಿಸಿ ಹೋಗಿದ್ದರು. ಕಪ್ಪು ಪರದೆ, ಬಿಳಿ ಅಕ್ಷರ, ಬೇರೇನೂ ಇಲ್ಲ. ಯುನಿಕ್ಸ್ ಅಂತ ಅದರ ಹೆಸರು. ಸರ್ವರಿನಲ್ಲಿರುವ ಪ್ಯಾಟರ್ನ್ ಫೋಲ್ಡರ್ ವೈರಿನ ಮೂಲಕ ಈ ಕಡೆಯೂ ಕಾಣುತ್ತದೆ. ಸೋಮವಾರದಿಂದ ಶನಿವಾರಕ್ಕೆ ಆರು ಟೇಪು, ದಿನಕ್ಕೊಂದು. ಸಂಜೆ ನಾಲ್ಕೂವರೆಗೆ ಆ ದಿನದ ಟೇಪು ತೂರಿಸಿ, ಹೇಳಿಕೊಟ್ಟ ಒಂದು ಪದ ಒತ್ತಬೇಕು. ಫೈಲುಗಳ ಹೆಸರು ಕೆಳಗಿನಿಂದ ಮೇಲಕ್ಕೆ ಸರಿಯುತ್ತಾ ನಲವತ್ತು ನಿಮಿಷ ಓಡುತ್ತವೆ. ಮುಗಿದ ಮೇಲೆ ಟೇಪು ತಾನಾಗಿ ಹೊರಗೆ ಬರುತ್ತದೆ. ಬಂದರೆ ರಿಜಿಸ್ಟರಿನಲ್ಲಿ ರೈಟ್ ಹಾಕಬೇಕು. ಇಷ್ಟೇ ನನ್ನ ಕೆಲಸ.

“ಹೊಸಾದು ಹಳೇದರ ಮ್ಯಾಲೆ ಕೂಡ್ತೈತಿ. ಹಳೇದು ಅಳಿಸಿ ಹೋಗ್ತೈತಿ. ಸ್ಲೇಟ್ ಇದ್ದಂಗ” ಅಂತ ಮುತ್ತುರಾಜ್ ಸಾರ್ ಅವತ್ತು ಹೇಳಿದ್ದರು. ಆ ಮಾತು ಈ ವಾರವೆಲ್ಲ ನನ್ನ ತಲೆಯಿಂದ ಹೋಗಿರಲಿಲ್ಲ.

ಯಾಕೆಂದರೆ ಸೋಮವಾರದ ಟೇಪು ನಲವತ್ತು ನಿಮಿಷ ಓಡಲಿಲ್ಲ. ಒಂದೇ ನಿಮಿಷಕ್ಕೆ ಹೊರಗೆ ಬಂತು. ಹೆಸರುಗಳು ಸರಿಯಲಿಲ್ಲ. ಪರದೆಯ ಮೇಲೆ ಒಂದೇ ಒಂದು ಸಾಲು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತದೆ, ಅರ್ಥ ಗೊತ್ತಾಗುವುದಿಲ್ಲ. ಒಂದು ಸೈಜ್ ಸ್ಟಿಕ್ಕರಿನ ಹಿಂದೆ ಇದ್ದ ಹಾಗೆ ಬರೆದುಕೊಂಡೆ. ಸ್ಟೇಲ್ ಎನ್ ಎಫ್ ಎಸ್ ಫೈಲ್ ಹ್ಯಾಂಡಲ್. ಮಾಸ್ಟರಿಗೆ ತೋರಿಸಲು ಬಾಗಿಲವರೆಗೆ ಹೋದೆ. ಅವರು ಕಟಿಂಗ್ ಹುಡುಗರಿಗೆ ತೆಲುಗಿನಲ್ಲಿ ಬೈಯುತ್ತಿದ್ದರು. ವಾಪಸ್ ಬಂದೆ. ಟೇಪು ಹೊರಗೆ ಬಂದರೆ ರೈಟ್ ಹಾಕು ಅಂತ ತಾನೇ ಹೇಳಿದ್ದು? ಹಾಕಿದೆ.

ಮಂಗಳವಾರ ಅದೇ ಸಾಲು. ಬುಧವಾರ ಅದೇ. ಆದರೂ ರೈಟ್ ಹಾಕಿದೆ. ಮೊದಲನೇ ದಿನ ಹೇಳಿದ್ದರೆ ಒಂದು ಮಾತಿಗೆ ಮುಗಿಯುತ್ತಿತ್ತು. ಈಗ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ, ಮೊನ್ನೆ ಯಾಕೆ ಹೇಳಲಿಲ್ಲ ಅಂತ ಕೇಳುತ್ತಾರೆ. ದಿನ ಹೋದಷ್ಟೂ ಹೇಳುವುದು ದೊಡ್ಡದಾಗುತ್ತಾ ಹೋಯಿತು. ಹಳೇದು ಅಳಿಸಿ ಹೊಸದು ಏರದೆ, ಶುಕ್ರವಾರಕ್ಕೆ ಐದು ಟೇಪು ಖಾಲಿಯಾದವು. ಒಳ್ಳೆಯದು ಅಂತ ಉಳಿದದ್ದು ಶನಿವಾರದ್ದೊಂದೇ. ಈಗ ಡಬ್ಬಿಯಲ್ಲಿ ಈ ಸದ್ದು.

ನಾಲ್ಕೂ ಇಪ್ಪತ್ತಕ್ಕೆ ಮಾಸ್ಟರ್ ರೂಮಿನಲ್ಲಿ ಒಬ್ಬರೇ ಕೂತಿದ್ದರು. ಸ್ಟಿಕ್ಕರನ್ನು ಅವರ ಟೇಬಲ್ಲಿನ ಮೇಲೆ ಇಟ್ಟೆ.

“ಏನಿದು?”

“ಟೇಪು ಓಡ್ತಿಲ್ಲ ಮಾಸ್ಟ್ರೇ. ಈ ಸಾಲು ಬತ್ತೈತೆ.”

“ಯಾವಾಗಿಂದ?”

“ಸೋಮವಾರದಿಂದ.”

ಅವರು ನನ್ನನ್ನೇ ನೋಡಿದರು. ನಾನು ನೆಲ ನೋಡಿದೆ. ರಿಜಿಸ್ಟರ್ ಎಳೆದುಕೊಂಡು ಬೆರಳಿಟ್ಟು ಐದು ರೈಟ್‌ಗಳನ್ನೂ ನೋಡಿದರು.

“ಮತ್ತ ಇವನ್ಯಾರು ಹಾಕಿದ್ದು, ನಮ್ಮಪ್ಪನಾ?” ಅಂದರು. ಆಮೇಲೆ ತಮ್ಮ ಪರದೆ ನನ್ನ ಕಡೆ ತಿರುಗಿಸಿದರು. “ನೋಡು. ಎಲ್ಲಾ ಐತಿ. ಬೆಳಿಗ್ಗಿಂದ ಹತ್ತು ಸಲ ತೆಗದೀನಿ. ಫೋಲ್ಡರ್ ಗಟ್ಟಿ ಐತಿ. ಆ ಬಳ್ಳಾರಿಯವನ ಡಬ್ಬಿ ಕೆಟ್ಟಿರಬೇಕು.”

ನಿಜ, ಅವರ ಪರದೆಯಲ್ಲಿ ಎಲ್ಲವೂ ಇತ್ತು. ಅವರು ನೋಡುತ್ತಿದ್ದದ್ದು ಕಾಲ ಬುಡದಲ್ಲಿದ್ದ ಸರ್ವರನ್ನೇ, ನನ್ನ ಹಾಗೆ ವೈರಿನ ಮೂಲಕ ಅಲ್ಲವಲ್ಲ.

“ಮಾಸ್ಟ್ರೇ, ಸರ್ವರ್ ಒಳಗೆ ಏನೋ ಸದ್ದು ಬೇರೆ...”

“ಫ್ಯಾನಿಗೆ ನೂಲು ಸಿಕ್ಕಿರತೈತಿ. ಇವತ್ತಿಂದು ಹಾಕು.”

“ಇದೊಂದೇ ಉಳಿದಿರೋದು. ಇದೂ ಅಳಿಸಿಹೋದ್ರೆ...”

“ಮಡಕಶಿರದಾಕಿ ನನಗ ಹೇಳಿಕೊಡ್ತೀಯೇನು?” ಅನ್ನುತ್ತಾ ಎದ್ದು ಬಂದು, ನನ್ನ ಕೈಯಿಂದ ಶನಿವಾರದ ಟೇಪು ಕಿತ್ತುಕೊಂಡು ತಾವೇ ತೂರಿಸಿದರು. “ಒತ್ತು.”

ಒತ್ತಿದೆ. ಬೇಡ ಅನ್ನುವ ಬಾಯಿ ನನಗಿರಲಿಲ್ಲ.

ಒಂದು ನಿಮಿಷವೂ ಆಗಿರಲಿಲ್ಲ. ಟೇಪು ಹೊರಗೆ ಬಂತು. ಪರದೆಯ ಮೇಲೆ ಅದೇ ಸಾಲು. ಮಾಸ್ಟರ್ ಅದನ್ನು ಓದಿದರು, ಮತ್ತೊಮ್ಮೆ ಓದಿದರು. ಅವರ ಟೇಬಲ್ಲಿನ ಕೆಳಗಿನ ಡಬ್ಬಿ ಕಟ್, ಕಟ್ ಅಂದಿತು. ಈಗ ಅವರಿಗೂ ಕೇಳಿಸಿತು ಅಂತ ಅವರ ಕುತ್ತಿಗೆ ಆ ಕಡೆ ತಿರುಗಿದ್ದು ನೋಡಿ ಗೊತ್ತಾಯಿತು. ಕಟಿಂಗ್ ಶೆಡ್ಡಿಗೆ ಹೋಗಿಬಿಟ್ಟರು.

ಆರು ಟೇಪೂ ಖಾಲಿ. ಹನ್ನೊಂದು ವರ್ಷದ ಕೆಲಸ ಈಗ ಆ ಡಬ್ಬಿಯೊಳಗಿನ ಒಂದು ಡಿಸ್ಕಿನಲ್ಲಿ ಮಾತ್ರ.

ಕೆಲಸದ ಹೊತ್ತಿನಲ್ಲಿ ಫೋನು ಇಟ್ಟುಕೊಳ್ಳಲು ಬಿಡುವುದು ಹಳಬರಿಗಷ್ಟೇ. ದಾರದ ಟೇಬಲ್ಲಿನ ಈಶ್ವರಮ್ಮಕ್ಕನ ಹತ್ತಿರ ಓಡಿದೆ. ನನ್ನನ್ನು ಕೆಲಸಕ್ಕೆ ಸೇರಿಸಿದವಳೇ ಅವಳು.

“ಅಕ್ಕ, ಫೋನ್ ಕೊಡಕ್ಕ.”

“ಅಯ್ಯ, ಕಂಪ್ಯೂಟರಮ್ಮ ಬಂದ್ಲು ನೋಡ್ರಿ! ಯಾರಿಗವ್ವ ಫೋನು? ಹುಡುಗ ಯಾವೂರಾತ?” ಟೇಬಲ್ಲಿನವರೆಲ್ಲ ನಕ್ಕರು. ನನ್ನ ಮುಖ ನೋಡಿ ಅವಳೊಬ್ಬಳೇ ನಗು ನಿಲ್ಲಿಸಿದಳು. ಕುಪ್ಪಸದಿಂದ ಫೋನು ತೆಗೆದು ಕೊಟ್ಟಳು. “ಆರಕ್ಕ ನನ್ನ ಆಟೋ. ಅಷ್ಟರಾಗ ತಂದು ಕೊಡು.”

ಮುತ್ತುರಾಜ್ ಸಾರ್ ನಂಬರು ಟೇಪಿನ ಡಬ್ಬಿಯ ಮೇಲೆ ಅಂಟಿಸಿತ್ತು. ಐದು ಗಂಟೆ ದಾಟಿದ ಮೇಲೆ, ಮೂರನೇ ಸಲಕ್ಕೆ ಎತ್ತಿದರು. ನನ್ನ ಹೆಸರು ಹೇಳಿ, ಸ್ಟಿಕ್ಕರ್ ನೋಡಿ ಅಕ್ಷರ ಅಕ್ಷರವಾಗಿ ಓದಿದೆ.

“ಸೋಮವಾರ ಅಲ್ಲಿ ಏನಾತವ್ವ? ಯಾರರ ಸರ್ವರ್ ಮುಟ್ಟಿದ್ರೇನು?”

“ಪೂಜೆ ಮಾಡಿದ್ರು ಸಾರ್.”

“ಪೂಜಿ ಮಾಡಿದ್ರ ಏನೂ ಆಗಂಗಿಲ್ಲ. ಬ್ಯಾರೆ ಏನು ಮಾಡಿದ್ರು?”

ಆ ಸೋಮವಾರ ವಿಜಯದಶಮಿ. ಆರ್ಡರ್ ಅರ್ಜೆಂಟು ಅಂತ ಯೂನಿಟ್ ತೆರೆದಿತ್ತು. ರಟ್ಟಿನ ಕಾಲದಲ್ಲಿ ಮಾಸ್ಟರ್ ಪ್ರತಿ ದಶಮಿಗೂ ಪ್ಯಾಟರ್ನ್‌ಗಳನ್ನೆಲ್ಲ ಹಳೇ ಮೊಳೆಗಳಿಂದ ಇಳಿಸಿ, ಅರಿಶಿನ ಹಚ್ಚಿದ ಹೊಸ ಮೊಳೆ ಹೊಡೆದು ಅದಕ್ಕೆ ತೂಗುಹಾಕಿ, ಹಳೇ ಮೊಳೆ ಕಿತ್ತು ಎಸೆಯುತ್ತಿದ್ದರು. ಹೊಸ ಮೊಳೆಗೆ ಏರದ ಪ್ಯಾಟರ್ನಿನಿಂದ ಕತ್ತರಿಸಿದ ಬಟ್ಟೆ ವಾಪಸ್ ಬರುತ್ತದೆ ಅಂತ ಅವರ ನಂಬಿಕೆ. ಕಂಪ್ಯೂಟರಿನಲ್ಲಿ ಮೊಳೆ ಎಲ್ಲಿದೆ? ಅವರು ಪರದೆಗೆ ಊದುಬತ್ತಿ ಬೆಳಗಿ, ಹೊಸ ಫೋಲ್ಡರ್ ಮಾಡಿ, ಎಲ್ಲವನ್ನೂ ಅದರೊಳಗೆ ಸರಿಸಿ, ಹಳೇ ಫೋಲ್ಡರನ್ನು ಅಳಿಸಿದರು. ಪ್ಲಾಟರ್ ಹಳೇ ಹೆಸರನ್ನೇ ಹುಡುಕುತ್ತದೆ ಅಂತ ಹೊಸದಕ್ಕೂ ಅದೇ ಹೆಸರಿಟ್ಟರು. ನಾನು ಕಾಯಿಚೂರಿನ ತಟ್ಟೆ ಹಿಡಿದುಕೊಂಡು ಹಿಂದೆ ನಿಂತು ನೋಡಿದ್ದೆ.

ಹೇಳಿದೆ. ಮುತ್ತುರಾಜ್ ಸಾರ್ ಉಸಿರು ಬಿಟ್ಟದ್ದು ಫೋನಿನಲ್ಲಿ ಕೇಳಿಸಿತು.

“ಅಯ್ಯಯ್ಯೋ ಬೋರಣ್ಣ! ನೋಡವ್ವ, ನಿಮ್ಮನಿ ರೇಷನ್ ಕಾರ್ಡ್ ರದ್ದು ಮಾಡಿ, ಅದ ಹೆಸರಿಗೆ ಹೊಸಾ ಕಾರ್ಡ್ ಕೊಟ್ಟಾರ ಅಂತ ಇಟ್ಕೋ. ನೀನು ಹಳೇ ನಂಬರ್ ಹಿಡ್ಕೊಂಡು ಡೀಲರ್ ಹತ್ರ ಹೋದ್ರ ಅಕ್ಕಿ ಕೊಡ್ತಾನೇನು?”

“ಇಲ್ಲ ಸಾರ್.”

“ಟೇಪಿನ ಕಂಪ್ಯೂಟರ್ ಹೆಸರು ನೆಪ್ಪಿಟ್ಕೊಳ್ಳಂಗಿಲ್ಲ, ನಂಬರ್ ನೆಪ್ಪಿಟ್ಕೊತೈತಿ. ಆ ನಂಬರಿನ ಫೋಲ್ಡರ್ ಈಗ ಇಲ್ಲ. ಅದಕ್ಕ ಹಿಡಿಕಿ ಹಳಸೈತಿ ಅಂತ ಬರಕತ್ತೈತಿ. ಬಿಡಿಸಿ ಮತ್ತ ಜೋಡಿಸಿದ್ರ ಸರಿ ಆಗ್ತೈತಿ. ಹೆದರಬ್ಯಾಡ. ನಾನು ಹೇಳಿದ್ದು ಒತ್ತು.”

ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು, ಅವರು ಹೇಳಿದ ಅಕ್ಷರಗಳನ್ನು ಒಂದೊಂದಾಗಿ ಒತ್ತಿದೆ. ಬಿಡಿಸುವ ಪದ. ಎಂಟರ್. ಬೇರೊಂದು ಸಾಲು ಬಂತು. ಓದಿದೆ.

“ಬ್ಯುಸಿ ಅಂತೈತೇನು? ಯಾರೋ ಆ ಹಳೇ ಫೋಲ್ಡರ್ ಒಳಗ ಇನ್ನೂ ಕುಂತಾರ. ಅವರು ಏಳೋತನ ಬಿಡಂಗಿಲ್ಲ. ಯಾರು ಅಲ್ಲಿ?”

“ನಾನೊಬ್ಬಳೇ ಸಾರ್ ಇರೋದು.”

ಹೇಳಿದ ತಕ್ಷಣ ನೆನಪಾಯಿತು. ಪ್ರತಿ ಸೋಮವಾರ ಬೆಳಿಗ್ಗೆ, ಒಂದು ಕೀಲಿ ಒತ್ತಿದರೆ ಅದೇ ಕಂಪ್ಯೂಟರಿನಲ್ಲಿ ಬರುವ ಎರಡನೇ ಪರದೆ ತೆಗೆದು, ಫೋಲ್ಡರಿನ ಒಳಗೆ ಹೋಗಿ, ಎಲ್ಲ ಇದೆಯೋ ಇಲ್ಲವೋ ನೋಡಿ ಹೊರಗೆ ಬರಬೇಕು ಅಂತ ಅವರೇ ಹೇಳಿಕೊಟ್ಟಿದ್ದರು. ಆ ಸೋಮವಾರ ಒಳಗೆ ಹೋಗಿದ್ದೆ. ಅಷ್ಟರಲ್ಲಿ ಪೂಜೆಗೆ ಕರೆದರು. ಎದ್ದು ಹೋದವಳು ಮರಳಿ ಆ ಪರದೆ ನೋಡಿರಲಿಲ್ಲ. ವಾರವೆಲ್ಲ ಅದು ಹಿಂದೆ ಹಾಗೇ ತೆರೆದಿತ್ತು.

“ಸಾರ್... ನಾನೇ ಕೂತಿದೀನಿ ಅನ್ಸುತ್ತೆ.”

ಎರಡನೇ ಪರದೆ ತೆಗೆದೆ. ಅಲ್ಲೇ ಮಿಣುಕುತ್ತಿತ್ತು. ಅವರು ಬೈಯುತ್ತಾರೆ ಅಂದುಕೊಂಡೆ. “ಹೊರಗ ಬಾ ಮತ್ತ” ಅಂದರು, ಅಷ್ಟೇ. ಹೊರಗೆ ಬಂದೆ. ಬಿಡಿಸುವ ಪದ ಮತ್ತೆ ಒತ್ತಿದೆ. ಈ ಸಲ ಏನೂ ಬರಲಿಲ್ಲ. ಏನೂ ಬರದಿದ್ದರೆ ಒಳ್ಳೆಯದಂತೆ. ಆಮೇಲೆ ಜೋಡಿಸುವ ಪದ, ಉದ್ದದ್ದು. ಮಧ್ಯೆ ಒಂದು ಅಕ್ಷರ ತಪ್ಪಿತು, ಅಳಿಸಿ ಮತ್ತೆ ಹೊಡೆದೆ. ಇನ್ನೊಂದು ತಪ್ಪಿತು. ಅವರು ಬೇಸರವಿಲ್ಲದೆ ಮತ್ತೆ ಮೊದಲಿನಿಂದ ಹೇಳಿದರು. ಕೊನೆಗೆ ಫೋಲ್ಡರ್ ತೆರೆದು ತೋರಿಸುವ ಎರಡು ಅಕ್ಷರ.

ಪರದೆ ತುಂಬ ಹೆಸರುಗಳು ಬಂದವು.

“ಬಂತು ಸಾರ್, ಎಲ್ಲಾ ಬಂತು.”

“ಯಾವುದಾರ ಒಂದು ಟೇಪ್ ಹಾಕು. ಈಗ ಎಲ್ಲಾ ಖಾಲಿ ಅದಾವಲ್ಲ.”

ಹೊರಗೆ ಬಂದು ನಿಂತಿದ್ದ ಶನಿವಾರದ ಟೇಪನ್ನೇ ಒಳಗೆ ದೂಡಿದೆ. ಪದ ಒತ್ತಿದೆ. ಟೇಪು ಸುತ್ತುವ ಸದ್ದು ಬಂತು, ಒಂದು ವಾರದಿಂದ ಕೇಳದ ಸದ್ದು. ಮೊದಲ ಹೆಸರು ಮೇಲಕ್ಕೆ ಸರಿಯಿತು. ಎರಡನೆಯದು. ಗೋಡೆಯ ಗಡಿಯಾರದಲ್ಲಿ ಐದೂ ಮೂವತ್ತೊಂದು.

“ಅದೇನದು ಸದ್ದು?” ಮುತ್ತುರಾಜ್ ಸಾರ್ ಕೇಳಿದರು.

“ಸರ್ವರಿಂದು ಸಾರ್. ಮಾಸ್ಟ್ರು ಫ್ಯಾನು ಅಂದ್ರು.”

“ಫೋನ್ ಅದರ ಹತ್ರ ಹಿಡಿ.”

ಬಗ್ಗಿ ಹಿಡಿದೆ. ಕಟ್. ಕಟ್. ಕಟ್.

“ಫ್ಯಾನಲ್ಲ ಅದು. ಡಿಸ್ಕ್ ಹೊಂಟೈತಿ.” ಅವರ ದನಿ ಬದಲಾಗಿತ್ತು. “ಶಿವಲಕ್ಷ್ಮಿ, ಸರಿಯಾಗಿ ಕೇಳು. ತಿರುಗೋತನ ತಿರುಗತೈತಿ. ಒಮ್ಮೆ ನಿಂತ್ರ ಮತ್ತ ಏಳಂಗಿಲ್ಲ. ಟೇಪ್ ಮುಗಿಯೋತನ ಕರೆಂಟ್ ಹೋಗಬಾರದು. ನಾನು ಹೊಸಾ ಡಿಸ್ಕ್ ತಗೊಂಡು ಈಗ ಹೊಂಟೆ. ಬೋರಣ್ಣಗ ಹೇಳು. ತಿಳೀತೇನು? ಕರೆಂಟ್...”

ಫೋನು ಕುಯ್ಯೆಂದು ಆರಿಹೋಯಿತು. ಚಾರ್ಜ್ ಮುಗಿದಿತ್ತು.

ಐದೂ ಮೂವತ್ತೊಂದಕ್ಕೆ ನಲವತ್ತು ಕೂಡಿಸಿದೆ. ಬೆರಳು ಮಡಚಿ ಇನ್ನೊಮ್ಮೆ ಕೂಡಿಸಿದೆ. ಆರೂ ಹನ್ನೊಂದು. ನಮ್ಮ ಯೂನಿಟ್ಟಿನಲ್ಲಿ ಶನಿವಾರ ಆರಕ್ಕೆ ಸರಿಯಾಗಿ ವಾಚ್‌ಮನ್ ಪಾಪಣ್ಣ ಇಡೀ ಶೆಡ್ಡಿನ ಮೇನ್ ಸ್ವಿಚ್ ಇಳಿಸಿ ಪೆಟ್ಟಿಗೆಗೆ ಬೀಗ ಹಾಕುತ್ತಾನೆ. ಹಿಂದೊಮ್ಮೆ ಭಾನುವಾರ ವೈರು ಸುಟ್ಟು ಬಟ್ಟೆ ರೋಲುಗಳಿಗೆ ಬೆಂಕಿ ಬಿದ್ದಿತ್ತು. ಅಂದಿನಿಂದ ಓನರ್ ಹನುಮಂತರಾಯಪ್ಪ ಎಲ್ಲಿದ್ದರೂ ಆರೂ ಐದಕ್ಕೆ ಪಾಪಣ್ಣನಿಗೆ ಫೋನು ಮಾಡಿ, ಇಳಿಸಿದೆಯಾ ಅಂತ ಕೇಳುತ್ತಾರೆ. ಬೇರೆ ಶನಿವಾರ ನಾನು ಅಷ್ಟರೊಳಗೆ ಎರಡೂ ಕಂಪ್ಯೂಟರ್ ಆರಿಸಿ ಹೊರಟಿರುತ್ತಿದ್ದೆ. ಕರೆಂಟ್ ಹೋದಾಗ ತಡೆಯುವ ಬ್ಯಾಟರಿ ಡಬ್ಬಿ ಮಳೆಗಾಲದಲ್ಲೇ ಸತ್ತು ಮೂಲೆ ಸೇರಿತ್ತು.

ಹೆಸರುಗಳು ಸರಿಯುವುದನ್ನೇ ನೋಡುತ್ತಾ ಕೂತೆ. ಒಂದೊಂದು ಹೆಸರಿನ ಹತ್ತಿರ ನಿಲ್ಲುತ್ತಿತ್ತು, ಡಬ್ಬಿ ಕಟ್ ಕಟ್ ಅನ್ನುತ್ತಿತ್ತು, ಮತ್ತೆ ಸರಿಯುತ್ತಿತ್ತು. ಆರಕ್ಕೆ ಐದು ನಿಮಿಷ ಇರುವಾಗ ಎದ್ದೆ.

ಮಾಸ್ಟರ್ ಕಟಿಂಗ್ ಟೇಬಲ್ಲಿನ ಹತ್ತಿರ ಕತ್ತರಿಗೆ ಎಣ್ಣೆ ಬಿಡುತ್ತಿದ್ದರು. ಹತ್ತಿರ ಹೋಗಿ ಎಲ್ಲ ಹೇಳಿದೆ. ಹಳೇ ಫೋಲ್ಡರ್ ಅಳಿಸಿದ್ದಕ್ಕೆ ಹೀಗಾಯಿತು, ಈಗ ಓಡುತ್ತಿದೆ, ಹನ್ನೊಂದು ನಿಮಿಷ ಹೆಚ್ಚು ಬೇಕು ಅಂತ. ಅವರು ತಲೆ ಎತ್ತಲಿಲ್ಲ.

“ಯಾರ್ಯಾರಿಗೆ ಹೇಳಿದಿ?” ಅಂತ ಮೆಲ್ಲಗೆ ಕೇಳಿದರು.

“ಮುತ್ತುರಾಜ್ ಸಾರ್‌ಗೆ ಮಾತ್ರ.”

“ಓನರಿಗೆ?”

“ಇಲ್ಲ.”

ಮತ್ತೆ ಎಣ್ಣೆ ಬಿಡತೊಡಗಿದರು. ಆಗ ಅರ್ಥವಾಯಿತು. ಸ್ವಿಚ್ ಇಳಿಸಬೇಡ ಅಂದರೆ ಆರೂ ಐದರ ಫೋನಿಗೆ ಅವರೇ ಉತ್ತರ ಕೊಡಬೇಕು. ಯಾಕೆ ತಡ ಅಂತ ಕೇಳಿದರೆ ದಶಮಿಯ ಪೂಜೆಯವರೆಗೂ ಹೋಗಬೇಕು.

ಬೆಲ್ಲು ಹೊಡೆಯಿತು. ಮಷಿನ್ನುಗಳ ಸದ್ದು ಒಟ್ಟಿಗೆ ನಿಂತು, ಕುರ್ಚಿ ಸರಿಸುವ ಸದ್ದು ಎದ್ದಿತು. ಈಶ್ವರಮ್ಮಕ್ಕ ಬಂದು ನನ್ನ ಕೈಯಿಂದ ಫೋನು ಇಸಿದುಕೊಂಡಳು. ಪಾಪಣ್ಣ ಬೀಗ ಹಿಡಿದು ಸ್ವಿಚ್ಚಿನ ಪೆಟ್ಟಿಗೆಯ ಕಡೆ ನಡೆದ. ನಾನು ಓಡಿಹೋಗಿ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತೆ. ಹಾಗೆ ನಿಲ್ಲುತ್ತೇನೆ ಅಂತ ನನಗೂ ಗೊತ್ತಿರಲಿಲ್ಲ.

“ಏನವ್ವ ಇದು?” ಪಾಪಣ್ಣ ಅಂದ.

“ಇವತ್ತೊಂದಿನ ಹತ್ತು ನಿಮಿಷ ತಡೀರಿ ಪಾಪಣ್ಣ. ಒಳಗೆ ಕಂಪ್ಯೂಟರ್ ಓಡ್ತೈತೆ. ನಿಂತ್ರೆ ಪ್ಯಾಟರ್ನ್ ಎಲ್ಲಾ ಹೋಗ್ತವೆ.”

“ಮೂಗಿ ಮಾತಾಡಿದ್ಲು ನೋಡ್ರೋ!” ಯಾರೋ ಅಂದರು. “ಏ ಮಡಕಶಿರಾ, ಸರಿಯವ್ವ, ಗುಮ್ಮಘಟ್ಟದ ಆಟೋ ಹೊಕ್ಕಾವ” ಅಂತ ಇನ್ನೊಬ್ಬರು. ನಗು ಎದ್ದಿತು. ಬಾಗಿಲ ಹತ್ತಿರ ಗುಂಪು ನಿಂತುಬಿಟ್ಟಿತು.

ಪಾಪಣ್ಣ ನಗಲಿಲ್ಲ. “ನನಗ ಅದೆಲ್ಲ ತಿಳಿಯಂಗಿಲ್ಲವ್ವ. ಆರಕ್ಕ ಇಳಸು ಅಂದಾರ, ಇಳಸ್ತೀನಿ. ಇಲ್ಲಾಂದ್ರ ನನ್ನ ಕೆಲಸ ಹೊಕ್ಕೈತಿ. ಮಾಸ್ಟರ್ ಬ್ಯಾಡ ಅನ್ಲಿ, ನಿಂದರ್ತೀನಿ.”

ಎಲ್ಲರೂ ಮಾಸ್ಟರ್ ಕಡೆ ತಿರುಗಿದರು. ಇಪ್ಪತ್ತು ಹೆಜ್ಜೆ ದೂರದಲ್ಲಿ ಅವರು ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಕೇಳಿಸಿತ್ತು. ಕೇಳಿಸಿದ್ದು ಸುತ್ತುವ ಕೈ ನಿಂತದ್ದರಿಂದ ಗೊತ್ತಾಯಿತು. ನಗು ನಿಧಾನಕ್ಕೆ ಇಳಿಯಿತು. ಪಾಪಣ್ಣನ ಕೈ ನನ್ನ ಭುಜದ ಮೇಲಿಂದ ಸ್ವಿಚ್ಚಿನ ಹಿಡಿಯ ಕಡೆ ಬಂದು ಅಲ್ಲೇ ಕಾಯುತ್ತಾ ನಿಂತಿತು. ಇಷ್ಟು ಜನ ನನ್ನನ್ನು ನೋಡಿದ್ದು ಯಾವತ್ತೂ ಇರಲಿಲ್ಲ.

“ಮಾಸ್ಟ್ರೇ,” ಅಂದೆ. ದನಿ ಬರಲಿಲ್ಲ. ಇನ್ನೊಮ್ಮೆ, ಶೆಡ್ಡಿಗೆಲ್ಲ ಕೇಳುವ ಹಾಗೆ ಅಂದೆ.

“ಮಾಸ್ಟ್ರೇ, ಇಳಿಸಬೇಡ ಅಂತ ನೀವೊಂದು ಮಾತು ಹೇಳಿ.”

ಮಾಸ್ಟರ್ ಕತ್ತರಿ ಕೆಳಗಿಟ್ಟು ತಲೆ ಎತ್ತಿದರು.